ತಕ್ಕಡಿ ನಿರ್ಧರಿಸುವ ಪ್ರಾಯ

ಎರಡು ವರ್ಷಗಳ ಹಿಂದೆ, ನವೆಂಬರಿನ ಒಂದು ಭಾನುವಾರ, ಜರ್ಮನಿಯ ಇನ್ನೊಂದು ಊರಿನಲ್ಲಿರುವ ಕನ್ನಡಿಗ ಗೆಳೆಯ ನನ್ನ ಫೋನಿಗೆ ಒಂದು ಚಿತ್ರ ಕಳಿಸಿದ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅದರ ಮೇಲೆ ಊರಿನಿಂದ ತಂದ ಸ್ಟೀಲ್ ಬೋಗುಣಿ, ಬೋಗುಣಿಯೊಳಗೆ ಸುರುಳಿ ಸುತ್ತಿಕೊಂಡು ಮಲಗಿದ ಬಾಳೆಹಣ್ಣಿನ ಬಣ್ಣದ ಒಂದು ಪುಟ್ಟ ಹೆಬ್ಬಾವು. ತಕ್ಕಡಿಯ ಅಂಕಿ 1512 ಗ್ರಾಂ. ಚಿತ್ರದ ಕೆಳಗೆ ಒಂದು ಸಾಲು: "ಅಕ್ಕಾ, ನಮ್ಮನೆ ಹುಡುಗಿ ದೊಡ್ಡವಳಾದಳು. ಆರತಿಗೆ ಬರಬೇಕು."

ನಾನು ನಕ್ಕೆ. ಒಂದು ನಗುಮುಖವನ್ನೂ ಕಳಿಸಿದೆ. ಸರೀಸೃಪಗಳ ಸಂತಾನೋತ್ಪತ್ತಿಯ ಶರೀರಕ್ರಿಯೆಯನ್ನೇ ವಿಷಯವಾಗಿಟ್ಟುಕೊಂಡು ಈ ದೇಶದಲ್ಲಿ ಡಾಕ್ಟರೇಟ್ ಪಡೆದವಳು, ಅದರಿಂದಲೇ ಇಂದಿಗೂ ಸಂಬಳ ಪಡೆಯುತ್ತಿರುವವಳು, ಆ ಹಾವಿನ ವಯಸ್ಸೆಷ್ಟು ಎಂಬ ಒಂದು ಪ್ರಶ್ನೆಯನ್ನು ಕೇಳಲಿಲ್ಲ.

ಮುಂದಿನ ಏಪ್ರಿಲಿನ ಒಂದು ರಾತ್ರಿ ಅವನೇ ಕರೆ ಮಾಡಿದ. ಹಾವು ಎರಡು ಮೊಟ್ಟೆಯಿಟ್ಟಿತ್ತು, ಉಳಿದವು ಹೊರಬರುತ್ತಿರಲಿಲ್ಲ. ತಾನಾಗಿಯೇ ಇಡಬಹುದೆಂದು ನಾಲ್ಕು ದಿನ ಕಾದಿದ್ದ. ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿದರು, ಹಾವು ಅರಿವಳಿಕೆಯಿಂದ ಮರಳಲಿಲ್ಲ. ಮರಣೋತ್ತರ ಪರೀಕ್ಷೆಯ ವರದಿಯನ್ನು ಅವನು ನನಗೆ ಕಳಿಸಿಕೊಟ್ಟ. ಅಂಡನಾಳದಲ್ಲಿ ಮೂರು ಮೊಟ್ಟೆಗಳಿದ್ದವು. ಯಕೃತ್ತು ಕೊಬ್ಬು ತುಂಬಿಕೊಂಡು ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ತೂಕ ಹಾಕಿದ ಆ ಭಾನುವಾರ ಅದಕ್ಕೆ ಹದಿನೆಂಟು ತಿಂಗಳು.

ಈ ಗೆಳೆಯ ಕ್ರೂರಿಯಲ್ಲ, ಅಜ್ಞಾನಿಯೂ ಅಲ್ಲ. ಗೌರಿ ಲಂಕೇಶರ ಹತ್ಯೆಯಾದಾಗ ನಮ್ಮೊಡನೆ ಮೇಣದಬತ್ತಿ ಹಿಡಿದು ನಿಂತವನು. ಇಂಥ ಪತ್ರಿಕೆಗಳನ್ನು ತಪ್ಪದೆ ಓದುವವನು. ಅವನು ಮಾಡಿದ್ದು ಅವನ ಹವ್ಯಾಸದ ವಲಯದಲ್ಲಿ ಎಲ್ಲರೂ ಮಾಡುವುದನ್ನೇ. ನನ್ನ ತಕರಾರು ಇರುವುದು ಆ 'ಎಲ್ಲರೂ ಮಾಡುವ'ದರ ಮೇಲೆ. ಸೆರೆಯಲ್ಲಿರುವ ಹೆಣ್ಣು ಹಾವು ಸಂತಾನಕ್ಕೆ ಪಕ್ವವಾಗಿದೆಯೆಂದು ತೀರ್ಮಾನಿಸುವ ಅಧಿಕಾರವನ್ನು ತಕ್ಕಡಿಗೆ ಒಪ್ಪಿಸಿದ್ದಾರೆ. ಆ ತಕ್ಕಡಿ ಇರುವುದು ಮರಿಗಳನ್ನು ಮಾರುವವನ ಕೈಯಲ್ಲಿ.

ಈ ಲೋಕದ ಪರಿಚಯವಿಲ್ಲದವರಿಗೆ ಎರಡು ಮಾತು. ಬಾಲ್ ಪೈಥಾನ್ ಎಂಬುದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹೆಬ್ಬಾವು. ನಮ್ಮ ಕಾಡಿನ ಹೆಬ್ಬಾವಿನ ಪಕ್ಕದಲ್ಲಿ ಇದು ಕೂಸು. ಬೆಳೆದ ಹೆಣ್ಣು ಸಾಮಾನ್ಯವಾಗಿ ನಾಲ್ಕೈದು ಅಡಿ, ಗಂಡು ಇನ್ನೂ ಚಿಕ್ಕದು. ಹೆದರಿದಾಗ ತಲೆಯನ್ನು ನಡುವೆ ಬಚ್ಚಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಈ ಹೆಸರು. ಜರ್ಮನರು ಇದನ್ನು ರಾಜ ಹೆಬ್ಬಾವು ಎನ್ನುತ್ತಾರೆ. ವಿಷವಿಲ್ಲ, ಕಚ್ಚುವುದು ಅಪರೂಪ, ಇಲಿ ತಿಂದುಕೊಂಡು ಗೂಡಿನಲ್ಲಿ ಸುಮ್ಮನಿರುತ್ತದೆ. ಈ ಸುಮ್ಮನಿರುವ ಗುಣವೇ ಅದಕ್ಕೆ ಶಾಪವಾಯಿತೇನೋ. 1975ರಿಂದೀಚೆಗೆ ಮೂವತ್ತು ಲಕ್ಷಕ್ಕೂ ಹೆಚ್ಚು ಬಾಲ್ ಪೈಥಾನ್‌ಗಳು ಜೀವಂತವಾಗಿ ಆಫ್ರಿಕಾದಿಂದ, ಬಹುಪಾಲು ಘಾನಾ, ಟೋಗೊ, ಬೆನಿನ್‌ಗಳಿಂದ, ಅಮೆರಿಕ ಮತ್ತು ಯುರೋಪಿನ ಮಾರುಕಟ್ಟೆಗಳಿಗೆ ಹೋಗಿವೆ. 1992ರಲ್ಲಿ ಅಮೆರಿಕದಲ್ಲಿ ಆಲ್ಬಿನೊ ಬಣ್ಣದ ಮರಿಗಳನ್ನು ಸೆರೆಯಲ್ಲಿ ಹುಟ್ಟಿಸಿದ ಮೇಲೆ ಅದು ಬಣ್ಣಗಳ ವ್ಯಾಪಾರವಾಯಿತು. ಇಂದು ಹಳದಿ, ಬಿಳಿ, ನೇರಳೆ, ಮಚ್ಚೆ ಮಚ್ಚೆಯ ಸಾವಿರಾರು ಬಗೆಗಳಿವೆ. ಅವುಗಳನ್ನು ಮಾರ್ಫ್ ಎನ್ನುತ್ತಾರೆ. ಗೋಡೆಯುದ್ದಕ್ಕೂ ಮೇಜಿನ ಸೆಳೆಖಾನೆಗಳಂತೆ ಜೋಡಿಸಿದ ಪ್ಲಾಸ್ಟಿಕ್ ಡಬ್ಬಗಳು, ಡಬ್ಬಕ್ಕೊಂದು ಹಾವು.

ಈ ವಲಯದಲ್ಲಿ ಪ್ರಾಯಕ್ಕೆ ಬಂದಿರುವುದನ್ನು ತಿಳಿಯುವ ಸೂತ್ರ ಬಾಯಿಪಾಠ. ಹೆಣ್ಣಿಗೆ 1500 ಗ್ರಾಂ, ಗಂಡಿಗೆ 500ರಿಂದ 700. ಗಂಡಿನ ಮಾತು ಬಿಡಿ, ಅದು ಕಳೆದುಕೊಳ್ಳುವುದು ಒಂದಿಷ್ಟು ತೂಕ ಮತ್ತು ಹಸಿವು. ಹೆಣ್ಣಿನ 1500 ಎಲ್ಲಿಂದ ಬಂತು? ಪೂರ್ತಿ ಸುಳ್ಳಾಗಿ ಹುಟ್ಟಿದ ಸಂಖ್ಯೆಯಲ್ಲ ಅದು. ಹದವರಿತು ಉಣಿಸಿ ಬೆಳೆಸಿದ ಹೆಣ್ಣು ಆ ತೂಕ ಮುಟ್ಟುವ ಹೊತ್ತಿಗೆ ಮೂರು ನಾಲ್ಕು ವರ್ಷ ಕಳೆದಿರುತ್ತದೆ; ಎಲುಬು ಬಲಿತಿರುತ್ತದೆ, ಸ್ನಾಯು ಕೂಡಿರುತ್ತದೆ, ಮೈ ಉದ್ದವಾಗಿರುತ್ತದೆ. ಅಂಥ ಹಾವಿನ ಮಟ್ಟಿಗೆ 1500 ಗ್ರಾಂ ಎಂಬುದು ಈ ಎಲ್ಲದರ ಸಂಕ್ಷಿಪ್ತ ರೂಪ. ಆದರೆ ಒಂದು ಸೂಚಕವನ್ನು ಗುರಿಯನ್ನಾಗಿ ಮಾಡಿದ ದಿನವೇ ಅದು ಸೂಚಕವಾಗಿ ಉಳಿಯುವುದಿಲ್ಲ. ಪರೀಕ್ಷೆಯ ಅಂಕಗಳಿಗೆ ನಮ್ಮ ಕೋಚಿಂಗ್ ಕೇಂದ್ರಗಳು ಏನು ಮಾಡಿದವೋ ಅದನ್ನೇ ಇಲ್ಲಿ ಇಲಿಗಳಿಂದ ಮಾಡಲಾಗುತ್ತದೆ. ಸುಮಾರು ಅರವತ್ತು ಗ್ರಾಂ ತೂಗುವ ಮರಿಗೆ ಐದೈದು ದಿನಕ್ಕೊಮ್ಮೆ, ಮೈಗೆ ಮೀರಿದ ಗಾತ್ರದ ಇಲಿ. ಬೆಚ್ಚಗಿನ ಡಬ್ಬದಲ್ಲಿ ಓಡಾಟವಿಲ್ಲ, ಹತ್ತುವುದಿಲ್ಲ, ಹುಡುಕುವುದಿಲ್ಲ. ಇದಕ್ಕೆ ಅವರದೇ ಹೆಸರು ಪವರ್ ಫೀಡಿಂಗ್. ಒಂದೂವರೆ ವರ್ಷದಲ್ಲಿ ತಕ್ಕಡಿ 1500 ತೋರಿಸುತ್ತದೆ.

ತಕ್ಕಡಿ ಆಗ ಏನನ್ನು ತೂಗುತ್ತಿದೆ ಎಂದು ಕೇಳಬೇಕು. ಸ್ನಾಯುವನ್ನೂ ಕೊಬ್ಬನ್ನೂ ಅದು ಬೇರ್ಪಡಿಸುವುದಿಲ್ಲ. ಹೊಟ್ಟೆಯಲ್ಲಿರುವ ಇಲಿಯನ್ನು, ವಾರಗಟ್ಟಲೆ ಕರುಳಿನಲ್ಲಿ ಉಳಿಯಬಹುದಾದ ಮಲವನ್ನು, ನೀರನ್ನು ಎಲ್ಲವನ್ನೂ ಹಾವೆಂದೇ ಲೆಕ್ಕ ಹಾಕುತ್ತದೆ. ಹೆಬ್ಬಾವಿನಂಥ ಪ್ರಾಣಿ ಊಟವಾದ ಎರಡು ಮೂರು ದಿನಗಳಲ್ಲಿ ತನ್ನ ಕರುಳು, ಯಕೃತ್ತುಗಳನ್ನೇ ಹಿಗ್ಗಿಸಿಕೊಂಡು, ಜೀರ್ಣವಾದ ಮೇಲೆ ಮತ್ತೆ ಕುಗ್ಗಿಸಿಕೊಳ್ಳುತ್ತದೆ. ಬರ್ಮಾ ಹೆಬ್ಬಾವಿನಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಇಂಥ ಮೈಯನ್ನು ಒಂದು ಭಾನುವಾರ ಬೋಗುಣಿಯಲ್ಲಿಟ್ಟು ಬಂದ ಅಂಕಿಯಿಂದ ಅದರ ಮುಂದಿನ ಆರು ತಿಂಗಳನ್ನು ನಿರ್ಧರಿಸುವುದು ವಿಜ್ಞಾನವಲ್ಲ.

ತಿಪಟೂರಿನ ಬಳಿಯ ನಮ್ಮ ಊರಿನಲ್ಲಿ ಅಜ್ಜಿಗೆ ನಾಲ್ಕು ಹಸುಗಳಿದ್ದವು. ಕಡಸು ಮೊದಲ ಸಲ ಬೆದೆಗೆ ಬಂದಾಗ ಚಿಕ್ಕಪ್ಪ ಹೋರಿಯ ಬಳಿಗೆ ಹೊಡೆದುಕೊಂಡು ಹೋಗಲು ಹೊರಟರೆ ಅಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದಳು. "ಬೆದೆ ಬಂದ್ರೆ ಬರ್ಲಿ ಬಿಡು, ಅದಿನ್ನೂ ಎಳೇದು." ಅಕ್ಷರ ಬಾರದ ಅಜ್ಜಿ ಮಾಡುತ್ತಿದ್ದ ಈ ವ್ಯತ್ಯಾಸಕ್ಕೆ ಜರ್ಮನ್ ಭಾಷೆಯಲ್ಲಿ ಎರಡು ಪ್ರತ್ಯೇಕ ಪದಗಳಿವೆ. ಗೆಶ್ಲೆಶ್ಟ್ಸ್‌ರೈಫ ಎಂದರೆ ಲೈಂಗಿಕ ಪಕ್ವತೆ, ದೇಹ ಗರ್ಭ ಧರಿಸಬಲ್ಲದು ಎಂಬ ಸ್ಥಿತಿ. ತ್ಸುಖ್ಟ್‌ರೈಫ ಎಂದರೆ ತಳಿಯೋಗ್ಯತೆ, ಹಾನಿಯಿಲ್ಲದೆ ಗರ್ಭ ಹೊತ್ತು ಹೆತ್ತು ಚೇತರಿಸಿಕೊಳ್ಳಬಲ್ಲದು ಎಂಬ ಸ್ಥಿತಿ. ಎರಡರ ನಡುವೆ ಹಸುವಿಗೆ ತಿಂಗಳುಗಳು, ಹಾವಿಗೆ ವರ್ಷಗಳು. ಹೈನುಗಾರಿಕೆಯಲ್ಲೂ ತೂಕ ನೋಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ನೋಡುತ್ತಾರೆ, ಬೆಳೆದ ಹಸುವಿನ ತೂಕದ ಸುಮಾರು ಶೇ. 60ರಷ್ಟು ಬರುವವರೆಗೆ ಕಾಯಿರಿ ಎನ್ನುತ್ತಾರೆ. ಆದರೆ ಎಳೆಯದರಲ್ಲಿ ಕೊಬ್ಬಿಸಿದ ಕಡಸಿನ ಕೆಚ್ಚಲು ಸರಿಯಾಗಿ ಬೆಳೆಯುವುದಿಲ್ಲವೆಂದು ಅವರಿಗೆ ಗೊತ್ತಿರುವುದರಿಂದ ತೂಕದ ಜೊತೆಗೆ ಎತ್ತರವನ್ನೂ ವಯಸ್ಸನ್ನೂ ನೋಡುತ್ತಾರೆ. ಜರ್ಮನ್ ಭಾಷೆಯನ್ನೇ ಮಾತಾಡುವ ಹಾವಿನ ತಳಿಗಾರರು ಮಾತ್ರ ಎರಡು ಪದಗಳನ್ನೂ ಒಂದೇ ತಕ್ಕಡಿಯಲ್ಲಿ ಸೇರಿಸಿಬಿಟ್ಟಿದ್ದಾರೆ.

ಇಲ್ಲಿ ಅವರ ಅತ್ಯಂತ ಬಲವಾದ ವಾದವನ್ನು ಎದುರಿಸಬೇಕು. ಅದು ಕಡೆಗಣಿಸುವಂಥದ್ದಲ್ಲ. ಅವರು ಹೇಳುವುದು ಹೀಗೆ: ಹೆಣ್ಣು ಹಾವನ್ನು ಯಾರೂ ಬಲವಂತವಾಗಿ ಬಸಿರು ಮಾಡಲಾರರು. ಗಂಡನ್ನು ಬಿಟ್ಟರೂ ಅವಳ ದೇಹ ಸಿದ್ಧವಿಲ್ಲದಿದ್ದರೆ ಅಂಡಾಶಯದ ಫಾಲಿಕಲ್‌ಗಳು ಬೆಳೆಯುವುದೇ ಇಲ್ಲ. ಅಲ್ಟ್ರಾಸೌಂಡ್‌ನಲ್ಲಿ ಫಾಲಿಕಲ್ ಬೆಳೆಯುತ್ತಿರುವುದು ಕಂಡರೆ ಅವಳೇ ಒಪ್ಪಿದಳೆಂದು ಅರ್ಥ. ನಿರ್ಧಾರ ನಮ್ಮದಲ್ಲ, ಪ್ರಕೃತಿಯದು.

ಇದರ ಮೊದಲರ್ಧ ನಿಜ, ಮತ್ತು ಸುಂದರವಾದ ನಿಜ. ಹೆಬ್ಬಾವುಗಳು, ಅನೇಕ ಮಂಡಲದ ಹಾವುಗಳು ಕೂಡಿಟ್ಟ ಬಂಡವಾಳದಿಂದ ಹೆರುವ ಪ್ರಾಣಿಗಳು. ಬಸಿರಿನಲ್ಲಿ ತಿಂದು ಬಸಿರನ್ನು ಪೋಷಿಸುವುದಿಲ್ಲ. ಮೊದಲೇ ಕೊಬ್ಬಾಗಿ ಉಳಿಸಿಟ್ಟದ್ದನ್ನು ಕರಗಿಸಿ ಮೊಟ್ಟೆಯ ಹಳದಿಯನ್ನಾಗಿ ಮಾಡುತ್ತವೆ. ಪಶ್ಚಿಮ ಫ್ರಾನ್ಸಿನಲ್ಲಿ ಆಸ್ಪಿಕ್ ಮಂಡಲದ ಹಾವುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಗ್ಸಾವಿಯೆ ಬೊನೆ ಮತ್ತು ಗಿ ನೊಲೊ, ಹೆಣ್ಣಿನ ದೇಹಸಂಚಯ ಒಂದು ಮಿತಿಯನ್ನು ದಾಟಿದಾಗ ಮಾತ್ರ ಫಾಲಿಕಲ್‌ಗಳ ಬೆಳವಣಿಗೆ ಶುರುವಾಗುತ್ತದೆಂದು ತೋರಿಸಿಕೊಟ್ಟರು. ಮಿತಿ ದಾಟದ ವರ್ಷ ಹೆಣ್ಣು ಸುಮ್ಮನಿರುತ್ತದೆ. ಅದಕ್ಕೆ ತನ್ನದೇ ಲೆಕ್ಕಪುಸ್ತಕವಿದೆ.

ದ್ವಿತೀಯಾರ್ಧದಲ್ಲಿ ಮೋಸವಿದೆ. ಆ ಲೆಕ್ಕಪುಸ್ತಕ ರೂಪುಗೊಂಡದ್ದು ಕೊಬ್ಬು ದುಬಾರಿಯಾಗಿದ್ದ ಲೋಕದಲ್ಲಿ. ಹುಲ್ಲುಗಾವಲಿನ ಹೆಬ್ಬಾವಿಗೆ ಅಷ್ಟು ಕೊಬ್ಬು ಕೂಡಬೇಕಾದರೆ ಎಷ್ಟೋ ಮಳೆಗಾಲ, ಎಷ್ಟೋ ಬೇಸಗೆ ಕಳೆಯಬೇಕು. ಅಷ್ಟರೊಳಗೆ ಎಲುಬು, ಸ್ನಾಯು, ಅಂಡನಾಳ ಎಲ್ಲವೂ ತಾವಾಗಿಯೇ ಬೆಳೆದಿರುತ್ತವೆ. ಹಾಗಾಗಿ ದೇಹ ಕೊಬ್ಬನ್ನಷ್ಟೇ ಕೇಳಿ, ಉಳಿದದ್ದನ್ನು ನಂಬಿಕೊಳ್ಳುತ್ತದೆ. ಬಲಿಯದ ಎಲುಬಿನ ಮೇಲೆ ತುಂಬಿದ ಕೊಬ್ಬು ಎಂಬ ಸ್ಥಿತಿ ಕಾಡಿನಲ್ಲಿ ಅಪರೂಪವಾದ್ದರಿಂದ ಅದನ್ನು ಗುರುತಿಸುವ ಉಪಾಯ ಆ ಮೈಗೆ ಬರಲಿಲ್ಲ. ಡಬ್ಬದಲ್ಲಿಟ್ಟು ಐದು ದಿನಕ್ಕೊಂದು ಇಲಿ ಕೊಡುವವನು ಆ ಮೈಯ ಮುಂದೆ ಖೋಟಾ ಸಾಕ್ಷಿ ಇಡುತ್ತಿದ್ದಾನೆ. ಫಾಲಿಕಲ್‌ಗಳು 'ಹೂಂ' ಎನ್ನುತ್ತವೆ, ಯಾಕೆಂದರೆ ನಾವು ಅವುಗಳಿಗೆ ಸುಳ್ಳು ಹೇಳಿದ್ದೇವೆ. ಬಳಿಕ ನಾವೇ ಆ 'ಹೂಂ' ಅನ್ನು ಪ್ರಕೃತಿಯ ಒಪ್ಪಿಗೆಯೆಂದು ಪ್ರಚಾರ ಮಾಡುತ್ತೇವೆ.

ಇಲ್ಲಿಗೆ ಬಂದಾಗ ನನಗೆ ಗೆಳೆಯನ ಆ ಸಾಲು, ನಾನು ನಕ್ಕ ಆ ಸಾಲು, ಮತ್ತೆ ಕಿವಿಯಲ್ಲಿ ಮೊಳಗುತ್ತದೆ. ದೊಡ್ಡವಳಾದಳು. ನಮ್ಮ ಭಾಷೆ ಮುಟ್ಟಾಗುವುದಕ್ಕೆ ಗಾತ್ರದ ಪದವನ್ನು ಕೊಟ್ಟಿದೆ. ಹನ್ನೆರಡರ ಹುಡುಗಿಯೊಬ್ಬಳು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ 'ದೊಡ್ಡವಳು' ಆಗಿಬಿಡುತ್ತಾಳೆ; ಮಣೆಯ ಮೇಲೆ ಕೂರಿಸಿ ಆರತಿ ಎತ್ತಿ ಚಿಗಳಿ ತಿನ್ನಿಸುತ್ತಾರೆ. ನನಗೂ ತಿನ್ನಿಸಿದ್ದರು. ಅಂದು ಬಂದ ಹೆಂಗಸರು ನನ್ನನ್ನು ನೋಡಿದ ನೋಟದಲ್ಲಿ ಏನೋ ತೂಗುವಂಥದ್ದು ಇತ್ತು ಎಂಬುದು ಇಷ್ಟು ವರ್ಷಗಳ ಮೇಲೂ ನೆನಪಿದೆ. ದೇಹದ ಮೊದಲ ಸೂಚನೆಯನ್ನೇ ಅನುಮತಿಪತ್ರವೆಂದು ಓದುವ ಸಂಪ್ರದಾಯ ನಮ್ಮಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, 1891ರಲ್ಲಿ ಬ್ರಿಟಿಷ್ ಭಾರತದಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾಯ್ದೆ ಬಂದಾಗ ವಿರೋಧಿಗಳ ಮುಖ್ಯ ವಾದವೇ ಗರ್ಭಾದಾನ ಸಂಸ್ಕಾರವಾಗಿತ್ತು: ಮುಟ್ಟಾದ ಕೂಡಲೇ ನಡೆಯಬೇಕಾದದ್ದನ್ನು ಸರ್ಕಾರ ತಡೆಯುವುದೇ? ಅದಕ್ಕೆ ಒಂದು ವರ್ಷದ ಹಿಂದಷ್ಟೇ ಕಲ್ಕತ್ತೆಯಲ್ಲಿ ಫೂಲ್‌ಮಣಿ ದಾಸಿ ಎಂಬ ಸುಮಾರು ಹನ್ನೊಂದರ ಬಾಲಕಿ ಗಂಡನ ಬಲಾತ್ಕಾರದಿಂದ ಸತ್ತಿದ್ದಳು. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆಯುವ ಕಾನೂನು ತಂದಾಗ ಅದು ನಿಷೇಧಿಸಲು ಧೈರ್ಯ ಮಾಡಿದ್ದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು. 1929ರ ಶಾರದಾ ಕಾಯ್ದೆ ಹದಿನಾಲ್ಕಕ್ಕೆ ಬಂದು ನಿಂತಿತು.

ಹೆಣ್ಣುಮಕ್ಕಳನ್ನು ಹಾವುಗಳಿಗೆ ಹೋಲಿಸುತ್ತಿದ್ದಾಳೆ ಎಂದು ಯಾರಾದರೂ ಸಿಟ್ಟಾಗುವ ಮೊದಲು ಹೇಳಿಬಿಡುತ್ತೇನೆ. ಮಗುವಿಗೂ ಹಾವಿಗೂ ಇರುವ ಅಂತರ ನನಗೆ ಗೊತ್ತು. ನಾನು ಹೋಲಿಸುತ್ತಿರುವುದು ನಿರ್ಧರಿಸುವವರನ್ನು. 'ಆಗಬಲ್ಲದು' ಎಂಬುದನ್ನು 'ಆಗಬೇಕು' ಎಂದು ಓದುವ ಅವಸರ, ಆ ಅವಸರದಲ್ಲಿ ಲಾಭವಿರುವವನೇ ತೀರ್ಪುಗಾರನಾಗಿ ಕೂರುವುದು, ತೀರ್ಪನ್ನು ಪ್ರಕೃತಿಯ ಬಾಯಲ್ಲಿ ಹೇಳಿಸುವುದು: ಈ ಮೂರನ್ನೂ ನಾವು ಒಂದು ಕಡೆ ಚೆನ್ನಾಗಿ ಗುರುತಿಸಬಲ್ಲೆವು. ಇನ್ನೊಂದು ಕಡೆ ನಗುಮುಖ ಕಳಿಸುತ್ತೇವೆ.

ಬೆಲೆ ತೆರುವವಳು ತಾಯಿಹಾವು. ಒಂದೊಂದು ಮೊಟ್ಟೆ ಸುಮಾರು 65ರಿಂದ 100 ಗ್ರಾಂ ತೂಗುತ್ತದೆ. ಐದಾರು ಮೊಟ್ಟೆಯೆಂದರೆ 1500 ಗ್ರಾಮಿನ ಮೈಯಿಂದ 400, 500 ಗ್ರಾಂ ಹೊರಗೆ ಹೋದಂತೆ. ಫಾಲಿಕಲ್‌ಗಳು ದೊಡ್ಡದಾಗುತ್ತಿದ್ದಂತೆ ಅನೇಕ ಹೆಣ್ಣುಗಳು ಊಟ ಬಿಡುತ್ತವೆ. ಅಂಡೋತ್ಸರ್ಗದ ನಂತರ ಒಮ್ಮೆ ಪೊರೆ ಬಿಟ್ಟು, ಅಲ್ಲಿಂದ ಸುಮಾರು ಒಂದು ತಿಂಗಳಿಗೆ ಮೊಟ್ಟೆಯಿಟ್ಟು, ಕಾಡಿನಲ್ಲಾದರೆ ಎರಡು ತಿಂಗಳು ಅದರ ಸುತ್ತ ಸುತ್ತಿಕೊಂಡು ಕಾವಲಿರುತ್ತವೆ. ಅಷ್ಟೂ ಕಾಲ ಉಪವಾಸ. ಎಳೆಯ, ಮೈ ಬಲಿಯದ, ಸ್ನಾಯುವಿಲ್ಲದೆ ಕೊಬ್ಬಿದ ಹೆಣ್ಣಿನಲ್ಲಿ ಮೊಟ್ಟೆ ಸಿಕ್ಕಿಕೊಳ್ಳುವ ಅಪಾಯ ಹೆಚ್ಚೆಂಬುದು ಸರೀಸೃಪಗಳ ಪಶುವೈದ್ಯರಿಗೆಲ್ಲ ಗೊತ್ತಿರುವ ಮಾತು. ಡಬ್ಬದ ಬದುಕಿನಲ್ಲಿ ಒಮ್ಮೆಯೂ ಮರ ಹತ್ತದ, ಬಿಲ ಹೊಗದ ಮೈಗೆ ತಳ್ಳುವ ಬಲ ಎಲ್ಲಿಂದ ಬರಬೇಕು? ಆಮೆಗಳಲ್ಲಿ ಕೆಲಸ ಮಾಡುವ ಆಕ್ಸಿಟೋಸಿನ್ ಚುಚ್ಚುಮದ್ದು ಹಾವುಗಳಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಉಳಿಯುವುದು ಸೂಜಿಯಿಂದ ಮೊಟ್ಟೆಯ ದ್ರವ ಹೀರುವುದು, ಅಥವಾ ಚಾಕು. ಬದುಕುಳಿದ ಹಾವಿಗೂ ಬೇರೆ ನಷ್ಟವಿದೆ. ಹಾವುಗಳು ಪ್ರೌಢವಾದ ಮೇಲೂ ಬೆಳೆಯುತ್ತವೆ, ಆದರೆ ಮೊದಲ ಬಸಿರಿನಿಂದಾಚೆ ಬೆಳವಣಿಗೆ ಬಹಳ ನಿಧಾನವಾಗುತ್ತದೆ; ಮೈ ಕಟ್ಟಲು ಹೋಗಬೇಕಾದದ್ದು ಮೊಟ್ಟೆಗೆ ಹೋಗುತ್ತದೆ. ಬೇಗ ಹೆತ್ತ ಹೆಣ್ಣು ಚಿಕ್ಕದಾಗಿಯೇ ಉಳಿಯುವ ಸಾಧ್ಯತೆ ಹೆಚ್ಚು. ಅನೇಕ ಹೆಬ್ಬಾವುಗಳು ಕಾಡಿನಲ್ಲಿ ಪ್ರತಿವರ್ಷ ಮೊಟ್ಟೆಯಿಡುವುದಿಲ್ಲ, ಎಂಬಲ್ಲಿಗೆ ಡಬ್ಬದಲ್ಲಿ ವರ್ಷ ತಪ್ಪದೆ ನವೆಂಬರಿಗೆ ಗಂಡು ಬಿಡುವುದನ್ನು ಏನೆಂದು ಕರೆಯಬೇಕು?

ಇಷ್ಟಕ್ಕೂ ಏನು ಅವಸರ? ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಲ್ಲಿ ಸೇರಿದ ಒಂದು ಬಾಲ್ ಪೈಥಾನ್ 2020ರಲ್ಲಿ, ಅರವತ್ತು ದಾಟಿದ ಮೇಲೆ, ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಗಂಡಿನ ಸಹವಾಸವಿಲ್ಲದೆ ಏಳು ಮೊಟ್ಟೆಯಿಟ್ಟಿತು. ಗಂಡಿಲ್ಲದೆ ಮೊಟ್ಟೆ ಹೇಗೆ ಎಂಬುದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ. ಅರವತ್ತು ವರ್ಷ ಬದುಕಬಲ್ಲ ಪ್ರಾಣಿಗೆ ಇನ್ನೆರಡು ವರ್ಷ ಕೊಡಲಾಗದ ಅವಸರ ಪ್ರಾಣಿಯದಲ್ಲ, ಮಾರುಕಟ್ಟೆಯದು. ಹೊಸ ಬಣ್ಣಕ್ಕೆ ಮೊದಲ ವರ್ಷ ಇರುವ ಬೆಲೆ ಎಲ್ಲರ ಬಳಿಯೂ ಆ ಬಣ್ಣ ಬಂದ ಮೇಲೆ ಇರುವುದಿಲ್ಲ. ಅಡಗಿರುವ ಎರಡು ಗುಣಗಳನ್ನು ಒಂದೇ ಮರಿಯಲ್ಲಿ ಕಾಣಬೇಕಾದರೆ ಎರಡು ತಲೆಮಾರು ಬೇಕು. ತಲೆಮಾರಿಗೆ ನಾಲ್ಕು ವರ್ಷವಾದರೆ ಎಂಟು ವರ್ಷ, ಒಂದೂವರೆಯಾದರೆ ಮೂರು. ಅಷ್ಟರೊಳಗೆ ಪಕ್ಕದ ಊರಿನವನು ಮಾರಿರುತ್ತಾನೆ. ಈ ಲೆಕ್ಕದಲ್ಲಿ ತಾಯಿಯ ವಯಸ್ಸು ಎಂಬುದು ಶುದ್ಧ ನಷ್ಟದ ಬಾಬು. ಈಚೆಗೆ ನಾನು ನೋಡಿದ ಒಂದು ಮೇಳದಲ್ಲಿ ಪುಟ್ಟ ಪಾರದರ್ಶಕ ಡಬ್ಬಗಳ ಮೇಲೆ ಮರಿಯ ಬಣ್ಣದ ಹೆಸರು, ಲಿಂಗ, ಹುಟ್ಟಿದ ವರ್ಷ, ಯೂರೋದಲ್ಲಿ ಬೆಲೆ ಎಲ್ಲವೂ ಇದ್ದವು. ತಾಯಿಗೆ ಎಷ್ಟು ವಯಸ್ಸು ಎಂದು ಕೇಳಿದೆ. ಮಾರಾಟಗಾರ ನನ್ನ ಪ್ರಶ್ನೆ ಅರ್ಥವಾಗದವನಂತೆ ನೋಡಿ, ಅವಳ ತೂಕ ಹೇಳಿದ.

ಕಾನೂನು ಇದನ್ನು ನೋಡುವುದಿಲ್ಲವೇ? ಜರ್ಮನಿಯ ಪ್ರಾಣಿರಕ್ಷಣಾ ಕಾಯ್ದೆಯ 11ನೇ ಕಲಮು ವ್ಯಾಪಾರಕ್ಕಾಗಿ ತಳಿ ಬೆಳೆಸುವವರು ಪರವಾನಗಿ ಪಡೆಯಬೇಕೆನ್ನುತ್ತದೆ. 11ಬಿ ಕಲಮು ಹುಟ್ಟಿನಿಂದಲೇ ಯಾತನೆ ತರುವ ತಳಿಗಳನ್ನು ನಿಷೇಧಿಸುತ್ತದೆ. ಆ ಕಲಮಿನ ಚರ್ಚೆಯಲ್ಲಿ 'ಸ್ಪೈಡರ್' ಎಂಬ ಮಾರ್ಫ್ ಪದೇಪದೇ ಬರುತ್ತದೆ: ಅದರ ತಲೆ ಓಲಾಡುತ್ತದೆ, ಹೊರಳಿಕೊಳ್ಳುತ್ತದೆ. 2022ರಲ್ಲಿ ಜರ್ಮನ್ ಸಂಶೋಧಕರ ತಂಡವೊಂದು ಅದರ ಒಳಕಿವಿಯ ಅರ್ಧವರ್ತುಲ ನಾಳಗಳೇ ವಿಕಾರಗೊಂಡಿರುವುದನ್ನು ತೋರಿಸಿತು. ಒಳ್ಳೆಯ ಕೆಲಸ. ಆದರೆ ಓಲಾಡುವ ತಲೆ ವಿಡಿಯೊದಲ್ಲಿ ಕಾಣುತ್ತದೆ, ನೋಡಿದವರ ಕರುಳು ಚುರುಕ್ ಎನ್ನುತ್ತದೆ. ಅಕಾಲದ ಬಸಿರು ಕಾಣುವುದಿಲ್ಲ. ಹೊರಗಿನಿಂದ ನೋಡಿದರೆ ಅದು ದುಂಡಗಿನ, ಹೊಳೆಯುವ, 'ಆರೋಗ್ಯವಂತ' ಹಾವು. ನಾಯಿಗಾದರೆ ಕಾನೂನು ವಯಸ್ಸು ಹೇಳುತ್ತದೆ. ಇಂಗ್ಲೆಂಡಿನ 2018ರ ನಿಯಮಗಳು ಪರವಾನಗಿ ಪಡೆದ ತಳಿಗಾರರು ಹನ್ನೆರಡು ತಿಂಗಳೊಳಗಿನ ಹೆಣ್ಣು ನಾಯಿಯನ್ನು ಕೂಡಿಸಬಾರದೆನ್ನುತ್ತವೆ. ನಮ್ಮ ಭಾರತದ 2017ರ ನಾಯಿ ತಳಿ ನಿಯಮಗಳು ಹದಿನೆಂಟು ತಿಂಗಳು ಎನ್ನುತ್ತವೆ. ಹನ್ನೆರಡು ಹದಿನೈದು ವರ್ಷ ಬದುಕುವ ನಾಯಿಗೆ ಕಾನೂನು ಕನಿಷ್ಠವೆಂದ ಹದಿನೆಂಟು ತಿಂಗಳು, ಅದರ ಮೂರು ನಾಲ್ಕು ಪಟ್ಟು ಬದುಕಬಲ್ಲ ಹಾವಿಗೆ ಹವ್ಯಾಸಿಗಳ ಹೆಮ್ಮೆಯ ದಾಖಲೆ.

ಇದೆಲ್ಲ ಪಶ್ಚಿಮದವರ ಹುಚ್ಚು, ನಮಗೇನು ಎಂದು ಸುಮ್ಮನಾಗುವಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಲಗೇಜಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 72 ಹಾವುಗಳು ಸಿಕ್ಕವು. ಅವುಗಳಲ್ಲಿ 55 ಬಗೆಬಗೆಯ ಬಣ್ಣದ ಬಾಲ್ ಪೈಥಾನ್‌ಗಳು, 17 ಕಾಳಿಂಗಗಳು. ಜೊತೆಗಿದ್ದ ಆರು ಕಪುಚಿನ್ ಕೋತಿಗಳು ಸತ್ತಿದ್ದವು. ಬಗೆಬಗೆಯ ಬಣ್ಣ ಎಂಬ ಮಾತನ್ನು ಗಮನಿಸಿ. ಅವು ಕಾಡಿನಿಂದ ಹಿಡಿದವಲ್ಲ, ಎಲ್ಲೋ ಯಾರದೋ ಡಬ್ಬಗಳಲ್ಲಿ ಯಾವುದೋ ಹೆಣ್ಣುಗಳು ಇಟ್ಟ ಮೊಟ್ಟೆಗಳಿಂದ ಬಂದವು. ಬೆಂಗಳೂರಿನಲ್ಲಿ ಅವುಗಳಿಗೆ ಕಾಯುತ್ತಿದ್ದ ಕೊಳ್ಳುವವರ ಕಣ್ಣಿಗೆ ಈ ಬಣ್ಣಗಳನ್ನು ತೋರಿಸಿದ್ದು ನಾವಿರುವ ದೇಶಗಳ ಹವ್ಯಾಸಿಗಳ ವಿಡಿಯೊಗಳೇ ಇರಬೇಕು.

ಪ್ರಗತಿಪರ ಗೆಳೆಯರು ಎರಡು ಕಡೆಯಿಂದ ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ಮನುಷ್ಯರೇ ಸಾಯುತ್ತಿರುವಾಗ ಹಾವಿನ ಬಾಣಂತನದ ಚಿಂತೆಯೇ ಎನ್ನುವವರು ಒಂದು ಕಡೆ. ಅವರಿಗೆ ನನ್ನ ಉತ್ತರ ಚಿಕ್ಕದು: ಈ ಹಾವುಗಳನ್ನು ನಾವೇ ಕೊಂಡು ತಂದು ಡಬ್ಬದಲ್ಲಿ ಇಟ್ಟಿದ್ದೇವೆ, ಹೊಣೆ ಹೊರಗಿನಿಂದ ಬಂದದ್ದಲ್ಲ. ಇನ್ನೊಂದು ಕಡೆ, ಸಾಕುವುದನ್ನೇ ನಿಷೇಧಿಸಿ, ವಯಸ್ಸಿನ ನಿಯಮವೆಂದರೆ ಸೆರೆಮನೆಗೆ ಸುಣ್ಣ ಬಳಿದಂತೆ ಎನ್ನುವವರು. ಇವರ ಮಾತಿಗೆ ನನ್ನಲ್ಲಿ ಹೆಚ್ಚು ಗೌರವವಿದೆ. ಬಣ್ಣಕ್ಕಾಗಿ ಹಾವು ಹುಟ್ಟಿಸುವುದು ನಿಂತರೆ ನನಗೆ ದುಃಖವಿಲ್ಲ. ಆದರೆ ನಿಷೇಧ ಬರುವ ದಿನ ಬರುವವರೆಗೆ ಈ ಚಳಿಗಾಲ ಎಷ್ಟೋ ಮನೆಗಳ ಎಷ್ಟೋ ಡಬ್ಬಗಳಿಗೆ ಗಂಡು ಬಿಡಲಿದ್ದಾರೆ. ಶಾರದಾ ಕಾಯ್ದೆ ಹದಿನಾಲ್ಕು ಎಂದಾಗ ಅದು ಸಾಲದೆಂದು ಹೇಳಿದವರು ಸರಿಯಾಗಿದ್ದರು; ಹದಿನಾಲ್ಕು ಬೇಡವೆಂದು ಹೇಳಿದ್ದರೆ ಸರಿಯಾಗುತ್ತಿರಲಿಲ್ಲ.

ನನ್ನನ್ನು ಕೇಳಿದರೆ, ನಾಲ್ಕು ವರ್ಷ ತುಂಬದ ಹೆಣ್ಣಿನ ಬಳಿ ಗಂಡು ಬಿಡಬಾರದು, ತಕ್ಕಡಿ ಏನೇ ಹೇಳಲಿ. ವಯಸ್ಸು ಗೊತ್ತಿಲ್ಲದ ಹಾವನ್ನು ಎಳೆಯದೆಂದೇ ಭಾವಿಸಬೇಕು. ತೂಗುವುದಾದರೆ ಹೊಟ್ಟೆ ಖಾಲಿಯಿದ್ದಾಗ ತೂಗಿ, ಪಕ್ಕದಲ್ಲಿ ಉದ್ದವನ್ನೂ ಬರೆದಿಡಬೇಕು. ಬೆನ್ನಹುರಿಯ ಇಕ್ಕೆಲದ ಸ್ನಾಯುವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಹಾವು ಬಾಗಿದಾಗ ಚರ್ಮದಡಿ ಕೊಬ್ಬಿನ ಮಡಿಕೆ ಕಂಡರೆ ಆ ವರ್ಷ ಬೇಡ. ಹುಟ್ಟಿನಿಂದ ತಿಂಗಳು ತಿಂಗಳಿನ ಬೆಳವಣಿಗೆಯ ದಾಖಲೆ ಇರಬೇಕು, ಅದರಲ್ಲಿ ದಿಢೀರನೆ ಏರಿದ ಗೆರೆ ಕಂಡರೆ ಇನ್ನೂ ಒಂದು ವರ್ಷ ಕಾಯಬೇಕು. ಒಂದು ಸಲ ಹೆತ್ತವಳಿಗೆ ಮರುವರ್ಷ ಬಿಡುವು. ಮತ್ತು ಈ ತೀರ್ಪನ್ನು ಮರಿ ಮಾರುವವನೊಬ್ಬನೇ ಕೊಡಬಾರದು. ಆ ಮರಿಗಳಿಂದ ಬಿಡಿಗಾಸು ಸಿಗದ ಪಶುವೈದ್ಯರೊಬ್ಬರು ಹಾವನ್ನು ನೋಡಿ ಸಹಿ ಹಾಕಬೇಕು. ಕೊಳ್ಳುವವರಿಗೆ, ಅಂದರೆ ಮಕ್ಕಳ ಹಠಕ್ಕೆ ಸೋತು ಮೇಳಗಳಿಗೆ ಹೋಗುವ ನಮ್ಮಂಥವರಿಗೆ, ಒಂದೇ ಕೆಲಸ. ಮರಿಯ ಬಣ್ಣ ಕೇಳುವ ಮೊದಲು ತಾಯಿ ಹುಟ್ಟಿದ ವರ್ಷ, ಮೊದಲು ಹೆತ್ತ ವರ್ಷ ಕೇಳಿ. ಉತ್ತರ ಬರದಿದ್ದರೆ ಹಿಂತಿರುಗಿ. ಕಾಯುವುದರಿಂದ ಹವ್ಯಾಸ ದುಬಾರಿಯಾಗುತ್ತದೆ ಎನ್ನುತ್ತಾರೆ. ಆಗಲಿ. ಇಷ್ಟು ದಿನ ಅಗ್ಗವಾಗಿದ್ದದ್ದು ಯಾರದೋ ಎಲುಬಿನ ಸುಣ್ಣದಿಂದ.

ಈ ಲೇಖನವನ್ನು ಪ್ರಕಟಣೆಗೆ ಕಳಿಸುವ ಮೊದಲು ಗೆಳೆಯನಿಗೆ ಕಳಿಸಿದೆ. ಅವನ ಬಳಿ ಇನ್ನೊಂದು ಹೆಣ್ಣಿದೆ, ಈಗ 1340 ಗ್ರಾಂ. ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೆಯ ದಿನ ಒಂದು ಸಾಲು ಬಂತು: "ಅಕ್ಕಾ, ನೀವು ಹದಿನೇಳು ತಿಂಗಳು ಅಂತ ಬರೆದಿದ್ದೀರಿ. ಅವಳಿಗೆ ಹದಿನೆಂಟಾಗಿತ್ತು." ತಿದ್ದಿದ್ದೇನೆ.